ಮನೆಗೆ ಹಿರಿಮಗ, ಕಾಲೇಜಿಗೆ ಪ್ರಿನ್ಸಿಪಾಲ್

ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸಕ್ಕೆಂದು ಮೂರು ತಿಂಗಳು ಎಡಿನ್‌ಬರೋದಲ್ಲಿದ್ದೆ. ಸಂಜೆ ರೂಮಿಗೆ ನಡೆದು ಬರುವಾಗ ಸೌತ್ ಬ್ರಿಡ್ಜ್ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಓಲ್ಡ್ ಕಾಲೇಜ್ ಕಟ್ಟಡ ದಿನವೂ ಎದುರಾಗುತ್ತಿತ್ತು. ಆ ಕಟ್ಟಡಕ್ಕಾಗಿ ವರ್ಷಗಟ್ಟಲೆ ಬೆನ್ನುಬಿದ್ದ ಪ್ರಿನ್ಸಿಪಾಲ್ ವಿಲಿಯಂ ರಾಬರ್ಟ್‌ಸನ್ ಬಗ್ಗೆ ಓದಿದ್ದು ಮಾತ್ರ ಪುಣೆಗೆ ಮರಳಿದ ಮೇಲೆ.

1721ರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಅವರು ತಾವೂ ಗ್ಲಾಡ್ಸ್‌ಮ್ಯೂರ್ ಎಂಬ ಹಳ್ಳಿಯಲ್ಲಿ ಪಾದ್ರಿಯಾದರು. ವರ್ಷಕ್ಕೆ ಹೆಚ್ಚೆಂದರೆ ನೂರು ಪೌಂಡ್ ಸಂಬಳ. 1745ರಲ್ಲಿ ಅಪ್ಪ, ಅಮ್ಮ ಇಬ್ಬರೂ ಕೆಲವೇ ಗಂಟೆಗಳ ಅಂತರದಲ್ಲಿ ತೀರಿಹೋದರು. ಉಳಿದವರು ಆರು ಮಂದಿ ಸೋದರಿಯರು, ಒಬ್ಬ ತಮ್ಮ. ಎಲ್ಲರನ್ನೂ ತಮ್ಮ ಮನೆಗೆ ಕರೆತಂದು ಸಾಕಿದರು. ಅವರಿಗೊಂದು ನೆಲೆಯಾಗುವವರೆಗೂ ತಾವು ಮದುವೆಯಾಗಲಿಲ್ಲ, ಆದದ್ದು 1751ರಲ್ಲಿ. ನನ್ನಪ್ಪನ ಮದುವೆಯೂ ಮೂವರು ತಂಗಿಯರ ಮದುವೆ ಮುಗಿದ ಮೇಲೆಯೇ ಆಗಿದ್ದು. ಹಾಗಾಗಿ ಈ ಪುಟ ದಾಟಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

1759ರಲ್ಲಿ ಸ್ಕಾಟ್ಲೆಂಡಿನ ಇತಿಹಾಸ ಬರೆದು ಹೆಸರಾದರು. 1762ರಲ್ಲಿ ಪ್ರಿನ್ಸಿಪಾಲ್ ಆದವರು ಸಾಯುವವರೆಗೂ, ಅಂದರೆ 31 ವರ್ಷ, ಅದೇ ಹುದ್ದೆಯಲ್ಲಿದ್ದರು.

ಕ್ಯಾಥೊಲಿಕ್ಕರ ಮೇಲಿನ ಕಠಿಣ ಕಾನೂನುಗಳನ್ನು ಸಡಿಲಿಸಬೇಕೆಂಬ ಮಾತು ಬಂದಾಗ ಪ್ರಾಟೆಸ್ಟೆಂಟ್ ಪಾದ್ರಿಯಾಗಿಯೂ ಅದರ ಪರ ನಿಂತರು. 1779ರ ಫೆಬ್ರವರಿಯಲ್ಲಿ ದೊಂಬಿ ಎದ್ದು, ಅವರ ಮನೆಯನ್ನು ಸೈನಿಕರು ಕಾಯಬೇಕಾಯಿತು. ಊರಿನ ಶಾಂತಿಗಾಗಿ ಪ್ರಸ್ತಾಪ ಕೈಬಿಡುವಂತೆ ಅವರೇ ಸಲಹೆ ಕೊಟ್ಟರು. ತಾವು ಯೋಚಿಸಿದ್ದು ತಪ್ಪು ಎಂದು ಮಾತ್ರ ಹೇಳಲಿಲ್ಲ. ಮರುವರ್ಷವೇ ಚರ್ಚ್ ಸಭೆಯ ಮುಂದಾಳುತನ ಬಿಟ್ಟರು. ಇದು ಸೋಲೋ, ಜಾಣತನವೋ? ನನಗೆ ಎರಡೂ ಅನಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅವರ ಕೊನೆಯ ಪುಸ್ತಕ. ವಿಷಯ, ಪ್ರಾಚೀನರಿಗೆ ಭಾರತದ ಬಗ್ಗೆ ಏನು ಗೊತ್ತಿತ್ತು ಎಂಬುದು. ಅವರು ಭಾರತಕ್ಕೆ ಬಂದವರಲ್ಲ. ರೆನೆಲ್ ಎಂಬವರು ಹಿಂದೂಸ್ಥಾನದ ನಕ್ಷೆಗೆ ಬರೆದ ವಿವರಣೆ ಓದಿ, ಎಪ್ಪತ್ತರ ಹೊಸ್ತಿಲಲ್ಲಿ ಬರೆಯಲು ಕೂತರು. ಆಗಷ್ಟೇ ಇಂಗ್ಲಿಷಿಗೆ ಬಂದಿದ್ದ ಗೀತೆ, ಶಾಕುಂತಲಗಳನ್ನೂ ಓದಿದ್ದರು. ಇಷ್ಟು ಹಳೆಯ ನಾಗರಿಕತೆಯ ಜನರನ್ನು ಯುರೋಪಿನವರು ಗೌರವದಿಂದ ನಡೆಸಿಕೊಳ್ಳಲಿ ಎಂಬ ಆಸೆಯೊಂದಿಗೆ ಪುಸ್ತಕ ಮುಗಿಸಿದರು. ಜಾತಿ ವ್ಯವಸ್ಥೆಯನ್ನು ಮಾತ್ರ ಅವರು ಹೊಗಳಿದ್ದೇ ಹೆಚ್ಚು. ಕಸುಬು ನುರಿಯುವುದು ಕಂಡಿತು, ಕಸುಬಿಗೆ ಕಟ್ಟಿಬಿದ್ದವನು ಕಾಣಲಿಲ್ಲ.

ಆ ಪುಸ್ತಕ ಅಚ್ಚಾದದ್ದು 1791ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಕೋಟೆ ಹಿಡಿದಿತ್ತು.

ಇತ್ತ ಹೊಸ ಕಾಲೇಜಿಗೆ 1789ರ ನವೆಂಬರಿನಲ್ಲಿ ಅಡಿಗಲ್ಲು ಬಿದ್ದಿತ್ತು. ನಕ್ಷೆ ಹಾಕಿದ ರಾಬರ್ಟ್ ಆಡಂ ಅವರ ಸೋದರತ್ತೆಯ ಮಗ. ಆತ 1792ರಲ್ಲಿ ತೀರಿಕೊಂಡ. 1793ರ ಜೂನ್‌ನಲ್ಲಿ ರಾಬರ್ಟ್‌ಸನ್ನರೂ ಹೋದರು. ಕಟ್ಟಡ ಅರ್ಧಕ್ಕೇ ನಿಂತಿತು, ದುಡ್ಡಿಲ್ಲದೆ.