ಮೊದಲ ಆರು ವಾರಗಳ ತೂಕ

ಜಠರದ ಮೇಲ್ತುದಿಗೆ ಸಿಲಿಕೋನಿನ ಪಟ್ಟಿಯೊಂದನ್ನು ಸುತ್ತಿ, ಒಂದು ಹೊತ್ತಿಗೆ ಉಣ್ಣಬಹುದಾದ ಆಹಾರದ ಪ್ರಮಾಣವನ್ನೇ ಕುಗ್ಗಿಸಿ, ತನ್ಮೂಲಕ ಸ್ಥೂಲಕಾಯವನ್ನು ಕೃಶಗೊಳಿಸುವ ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬ ಶಸ್ತ್ರಚಿಕಿತ್ಸೆಗೆ ಒಳಗಾದವರು, ಆಸ್ಪತ್ರೆಯಿಂದ ಮನೆಗೆ ಮರಳಿದ ಎರಡು ಮೂರು ವಾರಗಳೊಳಗೇ ವೈದ್ಯರನ್ನೂ ತಮ್ಮನ್ನೂ ಕೇಳತೊಡಗುವ ಪ್ರಶ್ನೆಯೊಂದುಂಟು: ಇಷ್ಟು ಹೊತ್ತಿಗೆ ಎಷ್ಟು ಕಿಲೋ ಇಳಿಯಬೇಕಾಗಿತ್ತು? ಹೊಟ್ಟೆಯ ಮೇಲಿನ ಹೊಲಿಗೆ ಇನ್ನೂ ಮಾಯದಿರುವಾಗ, ಲಕ್ಷಾಂತರ ರೂಪಾಯಿ ವ್ಯಯವಾಗಿರುವಾಗ, ನೆಂಟರಿಷ್ಟರು ಕಂಡಾಗಲೆಲ್ಲ ಅಡಿಯಿಂದ ಮುಡಿಯವರೆಗೆ ಕಣ್ಣಿನಿಂದಲೇ ಅಳೆಯುತ್ತಿರುವಾಗ ಆ ಪ್ರಶ್ನೆ ಹುಟ್ಟುವುದು ಅತ್ಯಂತ ಸಹಜ. ಆದರೆ ಈ ಚಿಕಿತ್ಸೆಯ ಸ್ವರೂಪವನ್ನು ಬಲ್ಲವರು ಅದಕ್ಕೆ ಕೊಡಬೇಕಾದ ಪ್ರಾಮಾಣಿಕ ಉತ್ತರವೆಂದರೆ, ಮೊದಲ ಆರು ವಾರಗಳಲ್ಲಿ ತೂಕ ಇಳಿಯಲೇಬೇಕೆಂಬ ನಿಯಮವಿಲ್ಲ ಎಂಬುದು. ಆ ಉತ್ತರವನ್ನು ಶಸ್ತ್ರಕ್ರಿಯೆಗೆ ಮೊದಲೇ ಕೊಡದೆ, ರೋಗಿಯು ನಿರಾಶೆಗೊಂಡ ಮೇಲೆ ಸಮಾಧಾನದ ಮಾತಾಗಿ ಕೊಡುವುದೇ ಈ ಚಿಕಿತ್ಸೆಯ ಸುತ್ತಲಿನ ದುಃಖದ ಬಹುಭಾಗಕ್ಕೆ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ.

ಪಟ್ಟಿಯು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿತರೆ ಈ ಉತ್ತರದ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ್ದ ಉಕ್ರೇನ್ ಮೂಲದ ಶಸ್ತ್ರವೈದ್ಯ ಲೂಬೊಮಿರ್ ಕುಜ್ಮಾಕ್ ಅವರು 1986ರಲ್ಲಿ, ಬೇಕಾದಾಗ ಬಿಗಿಗೊಳಿಸಲೂ ಸಡಿಲಿಸಲೂ ಬರುವಂತಹ ಪಟ್ಟಿಯನ್ನು ಬಳಕೆಗೆ ತಂದರು. 1993ರಲ್ಲಿ ಬೆಲ್ಜಿಯಮಿನ ವೈದ್ಯ ಮಿಟಿಕು ಬೆಲಾಚೆವ್ ಅವರು ಹೊಟ್ಟೆಯನ್ನು ಸೀಳದೆ, ಲ್ಯಾಪರೋಸ್ಕೋಪಿನ ಸಣ್ಣ ರಂಧ್ರಗಳ ಮೂಲಕವೇ ಅದನ್ನು ಅಳವಡಿಸಿ ತೋರಿಸಿದರು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ನೀಡಿದ ತರುವಾಯ ಇದರ ಪ್ರಸಾರ ತೀವ್ರವಾಯಿತು. ಪಟ್ಟಿಯ ಮೇಲೆ ಉಳಿಯುವ ಜಠರದ ಭಾಗ ಕೆಲವೇ ಚಮಚಗಳಷ್ಟು ಆಹಾರವನ್ನು ಹಿಡಿಯುವ ಪುಟ್ಟ ಚೀಲ. ಪಟ್ಟಿಯ ಒಳಮೈಯಲ್ಲಿ ಟೊಳ್ಳಾದ ಬಳೆಯಂತಹ ಭಾಗವಿದ್ದು, ಅದರಿಂದ ಹೊರಟ ತೆಳ್ಳನೆಯ ನಳಿಕೆಯು ಚರ್ಮದ ಕೆಳಗೆ ಹುದುಗಿಸಿದ ಪೋರ್ಟ್ ಎಂಬ ಸಣ್ಣ ಬಿಲ್ಲೆಯಲ್ಲಿ ಕೊನೆಗೊಳ್ಳುತ್ತದೆ. ಆ ಬಿಲ್ಲೆಗೆ ಸೂಜಿ ಚುಚ್ಚಿ ಲವಣಜಲವನ್ನು ತುಂಬಿದಷ್ಟೂ ಪಟ್ಟಿ ಬಿಗಿಯಾಗುತ್ತದೆ. ಆದರೆ ಶಸ್ತ್ರಕ್ರಿಯೆಯ ದಿನ ವೈದ್ಯರು ಸಾಮಾನ್ಯವಾಗಿ ಅದನ್ನು ಬರಿದಾಗಿಯೇ ಇಟ್ಟು ಹೊಲಿಯುತ್ತಾರೆ. ಗಾಯ ಮಾಯಬೇಕು, ಪಟ್ಟಿಯ ಸುತ್ತ ಅಂಗಾಂಶ ಬೆಳೆದು ಅದು ಸ್ವಸ್ಥಾನದಲ್ಲಿ ನೆಲೆಗೊಳ್ಳಬೇಕು; ಅವಸರದಲ್ಲಿ ಬಿಗಿದರೆ, ಅಥವಾ ಗಟ್ಟಿ ಆಹಾರವನ್ನು ಬೇಗನೆ ತಿಂದು ವಾಂತಿಯಾದರೆ, ಪಟ್ಟಿ ಜಾರಿ ಮತ್ತೆ ಶಸ್ತ್ರಚಿಕಿತ್ಸೆಯ ಮೇಜನ್ನೇರಬೇಕಾದೀತು. ಆದಕಾರಣ ಮೊದಲ ಸಲ ಲವಣಜಲ ತುಂಬುವುದು ನಾಲ್ಕರಿಂದ ಆರು ವಾರಗಳ ನಂತರ. ಅಲ್ಲಿಯವರೆಗೆ ಪಟ್ಟಿ ದೇಹದೊಳಗೆ ಇದೆಯೇ ಹೊರತು ಅದರ ಕೆಲಸ ಇನ್ನೂ ಆರಂಭವಾಗಿಲ್ಲ.

ಹಾಗಾದರೆ ಮೊದಲ ಹತ್ತು ಹದಿನೈದು ದಿನಗಳಲ್ಲಿ ಮೂರು ನಾಲ್ಕು ಕಿಲೋ ಇಳಿದದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ; ಆದರೆ ಅದು ಪಟ್ಟಿಯ ಫಲವೂ ಅಲ್ಲ, ಬಹುಪಾಲು ಕೊಬ್ಬಿನ ಕ್ಷಯವೂ ಅಲ್ಲ. ಊದಿದ ಯಕೃತ್ತು ಕುಗ್ಗಿ ವೈದ್ಯರ ಉಪಕರಣಗಳಿಗೆ ಎಡೆ ಸಿಗಲೆಂದು ಶಸ್ತ್ರಕ್ರಿಯೆಗೆ ಮುನ್ನ ಕೆಲವು ದಿನ ಅಲ್ಪಾಹಾರದ ಪಥ್ಯ, ಅದಾದ ಮೇಲೆ ಒಂದೆರಡು ವಾರ ಗಂಜಿ, ಸಾರು, ಮಜ್ಜಿಗೆಯಂತಹ ದ್ರವಾಹಾರ. ಈ ಉಪವಾಸಸದೃಶವಾದ ದಿನಗಳಲ್ಲಿ ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಎಂಬ ಶರ್ಕರವನ್ನು ವ್ಯಯಮಾಡುತ್ತದೆ. ಆ ಶರ್ಕರದ ಒಂದೊಂದು ಗ್ರಾಮೂ ಸುಮಾರು 3 ಗ್ರಾಮ್ ನೀರನ್ನು ಹಿಡಿದಿಟ್ಟಿರುವುದರಿಂದ, ಅದು ಕರಗಿದಾಗ ನೀರೂ ಹೊರಟುಹೋಗಿ ತೂಕದ ಯಂತ್ರದ ಮುಳ್ಳು ಸಂತೋಷಕರವಾಗಿ ಹಿಂದಕ್ಕೆ ಸರಿಯುತ್ತದೆ. ಮೂರನೆಯ ನಾಲ್ಕನೆಯ ವಾರಕ್ಕೆ ಮೆತ್ತನೆಯ ಆಹಾರ ಆರಂಭವಾಗುತ್ತದೆ, ಶಸ್ತ್ರಕ್ರಿಯೆಯಿಂದಾದ ಬಾವು ಇಳಿಯುತ್ತದೆ, ಮಂದವಾಗಿದ್ದ ಹಸಿವು ಪೂರ್ವದಂತೆ ಮರಳುತ್ತದೆ. ಶರ್ಕರದೊಡನೆ ನೀರೂ ಹಿಂದಿರುಗಿ ತೂಕ ನಿಂತಲ್ಲೇ ನಿಲ್ಲುತ್ತದೆ, ಎಷ್ಟೋ ಜನರಲ್ಲಿ ಒಂದು ಕಿಲೋ ಏರುವುದೂ ಉಂಟು. ಮುನ್ಸೂಚನೆ ಇಲ್ಲದವನಿಗೆ ಈ ಘಟ್ಟ ಭಯಾನಕ. ಪಟ್ಟಿಯೂ ತಮ್ಮ ಮಟ್ಟಿಗೆ ನಿಷ್ಫಲವಾಯಿತೆಂದು ಬಗೆದು ಕೆಲವರು ಪಥ್ಯವನ್ನೇ ಕೈಬಿಡುತ್ತಾರೆ. ಇನ್ನು ಕೆಲವರು ಊಟವನ್ನೇ ತ್ಯಜಿಸಿ, ಗಾಯ ಮಾಯಲು ಅವಶ್ಯವಾದ ಸಸಾರಜನಕವೂ ಸಿಗದಂತೆ ದೇಹವನ್ನು ದಂಡಿಸುತ್ತಾರೆ. ಇವರಿಬ್ಬರ ಸಂಕಟಕ್ಕೂ ಕಾರಣ ಶಸ್ತ್ರವೈದ್ಯನ ಕೈಚಳಕದಲ್ಲಿನ ದೋಷವಲ್ಲ, ಮೊದಲೇ ಆಡಬೇಕಾಗಿದ್ದ ಮಾತೊಂದನ್ನು ಯಾರೂ ಆಡದಿದ್ದುದು.

ಆಡಿದ ಮಾತಿನಲ್ಲಿಯೂ ಒಂದು ತೊಡಕುಂಟು. ಪಟ್ಟಿಯಿಂದ ಎರಡು ವರ್ಷಗಳಲ್ಲಿ ‘ಶೇಕಡ 50’ ಇಳಿಯುತ್ತದೆಂದು ಹೇಳುವ ವಾಡಿಕೆಯಿದೆ. ವೈದ್ಯಶಾಸ್ತ್ರದಲ್ಲಿ ಇದರ ಅರ್ಥ ಒಟ್ಟು ತೂಕದ ಅರ್ಧವಲ್ಲ, ಇರತಕ್ಕುದಕ್ಕಿಂತ ಹೆಚ್ಚಾಗಿರುವ ತೂಕದ ಅರ್ಧ. 160 ಸೆಂಟಿಮೀಟರ್ ಎತ್ತರದ, 100 ಕಿಲೋ ತೂಗುವ ಗೃಹಿಣಿಯೊಬ್ಬರನ್ನು ಊಹಿಸೋಣ. ಭಾರತೀಯರಿಗೆ ಹಿತವೆಂದು ಪರಿಗಣಿತವಾದ 23ರ ಬಿಎಂಐ ಎಂಬ ಎತ್ತರ-ತೂಕದ ಸೂಚ್ಯಂಕದ ಪ್ರಕಾರ ಅವರ ತೂಕ ಸುಮಾರು 59 ಕಿಲೋ ಇರಬೇಕು, ಹೆಚ್ಚಿಗೆಯಾದದ್ದು 41, ಅದರ ಅರ್ಧ ಇಪ್ಪತ್ತು ಕಿಲೋ ಚಿಲ್ಲರೆ. ಅಂದರೆ ಎಲ್ಲವೂ ಸುಸೂತ್ರವಾಗಿ ನಡೆದರೂ ಎರಡು ವರ್ಷಗಳ ಅಂತ್ಯದಲ್ಲಿ ಅವರು 80 ಕಿಲೋ ತೂಗುತ್ತಿರುತ್ತಾರೆ. ಮೊದಲ ತಿಂಗಳುಗಳ ಏರಿಳಿತ, ನಡುವಣ ವೇಗ, ಕೊನೆಯ ಸ್ತಬ್ಧತೆ ಇವನ್ನೆಲ್ಲ ಕೂಡಿಸಿ ಹಂಚಿದರೆ ಸರಾಸರಿ ವಾರಕ್ಕೆ ಇಳಿದದ್ದು 200 ಗ್ರಾಮ್. ಮುಂಬಯಿಯ ಉಪನಗರ ರೈಲು ನಿಲ್ದಾಣಗಳಲ್ಲಿ ನಾಣ್ಯ ಹಾಕಿದರೆ ತೂಕವನ್ನೂ ಭವಿಷ್ಯವನ್ನೂ ಒಂದೇ ಚೀಟಿಯಲ್ಲಿ ಮುದ್ರಿಸಿ ಕೊಡುತ್ತಿದ್ದ ಹಳೆಯ ಯಂತ್ರಗಳಿಗಾಗಲಿ, ಇಂದು ಸ್ನಾನದ ಮನೆಯಲ್ಲಿಡುವ ಯಂತ್ರಕ್ಕಾಗಲಿ ಅಷ್ಟು ಸೂಕ್ಷ್ಮವಾದ ಇಳಿಕೆಯನ್ನು ವಾರವಾರವೂ ನಿಶ್ಚಯವಾಗಿ ಹೇಳುವ ಶಕ್ತಿಯಿಲ್ಲ. ಒಂದು ಲೋಟ ನೀರು ಕುಡಿದರೆ ಅದು ಮರೆಯಾಗುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಪ್ರಾರಂಭವಾಗಿ ಸುಮಾರು 4,000 ಜನರನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನವು ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಪಟ್ಟಿ ಹಾಕಿಸಿಕೊಂಡವರು ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ಸರಾಸರಿ ಶೇಕಡ 20ರಷ್ಟನ್ನು ಕಳೆದುಕೊಂಡರು, ಹತ್ತು ವರ್ಷಗಳ ಹೊತ್ತಿಗೆ ಆ ಲಾಭ ಶೇಕಡ 14ಕ್ಕೆ ಇಳಿದಿತ್ತು. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯವರಲ್ಲಿ ಈ ಅಂಕಗಳು 32 ಮತ್ತು 25. ಬೈಪಾಸ್ ಆದ ನೆರೆಮನೆಯವರ ಮೂರು ತಿಂಗಳ ಚಿತ್ರವನ್ನು ಮುಂದಿಟ್ಟುಕೊಂಡು ಪಟ್ಟಿಯವರು ತಮ್ಮನ್ನು ಹೋಲಿಸಿಕೊಳ್ಳುವುದು ಎಂತಹ ಅನ್ಯಾಯವೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಶೀಘ್ರಫಲದ ಈ ಹಂಬಲವನ್ನು ಇಡೀ ಮುಂಬಯಿ ನಗರವೇ ಒಂದು ಕಾಲಕ್ಕೆ ಅನುಭವಿಸಿದ್ದುಂಟು. 2017ರ ಫೆಬ್ರವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ, 500 ಕಿಲೋ ತೂಗುತ್ತಾರೆಂದು ವರ್ಣಿತರಾಗಿದ್ದ ಇಮಾನ್ ಅಹ್ಮದ್ ಎಂಬ ಮಹಿಳೆಯನ್ನು ಸರಕುವಿಮಾನದಲ್ಲಿ ಮುಂಬಯಿಗೆ ಕರೆತಂದು, ಕ್ರೇನಿನಿಂದ ಎತ್ತಿ, ಚರ್ನಿ ರೋಡಿನ ಸೈಫೀ ಆಸ್ಪತ್ರೆಯಲ್ಲಿ ಡಾ. ಮುಫಜ್ಜಲ್ ಲಕಡಾವಾಲಾ ಅವರ ಆರೈಕೆಯಲ್ಲಿ ಇರಿಸಲಾಯಿತು. ಮಾರ್ಚ್ 7ರಂದು ನಡೆದದ್ದು ಪಟ್ಟಿಯಲ್ಲ, ಜಠರದ ಬಹುಭಾಗವನ್ನು ತೆಗೆದುಹಾಕುವ ಸ್ಲೀವ್ ಶಸ್ತ್ರಚಿಕಿತ್ಸೆ. ಆದರೆ ಅದರ ಹಿಂದೆಯೂ ಮುಂದೆಯೂ ಆಕೆಯ ತೂಕ ಎಷ್ಟು ಇಳಿಯಿತೆಂಬುದು ಈ ನಗರದ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಲೇ ಇತ್ತು. ಏಪ್ರಿಲಿನಲ್ಲಿ ಆಕೆಯ ಸಹೋದರಿ ಆ ಅಂಕಗಳನ್ನು ಬಹಿರಂಗವಾಗಿ ಅಲ್ಲಗಳೆದರು, ಆಸ್ಪತ್ರೆಯು ತನ್ನ ದಾಖಲೆಗಳನ್ನು ಸಮರ್ಥಿಸಿಕೊಂಡಿತು. ಮೇ ತಿಂಗಳಲ್ಲಿ ಆಕೆಯನ್ನು ಅಬುಧಾಬಿಗೆ ಒಯ್ಯಲಾಯಿತು. ಸೆಪ್ಟೆಂಬರ್ 25ರಂದು ಆಕೆ ಅಲ್ಲಿಯೇ ತೀರಿಕೊಂಡರು. ಯಾರ ಅಂಕ ಸರಿಯೆಂದು ನಿರ್ಣಯಿಸುವುದು ನನ್ನ ಉದ್ದೇಶವಲ್ಲ. ಪಾರ್ಶ್ವವಾಯುವಿನಿಂದಲೂ ಹತ್ತಾರು ವ್ಯಾಧಿಗಳಿಂದಲೂ ಜರ್ಜರಿತಳಾದ ಹೆಣ್ಣುಮಗಳೊಬ್ಬಳ ಕ್ಷೇಮವನ್ನು ಲಕ್ಷಾವಧಿ ಜನ ಕೆಲವೇ ವಾರಗಳ ಕಿಲೋಗ್ರಾಮುಗಳಲ್ಲಿ ಓದಿದರಲ್ಲ, ಆ ಓದಿನ ಅಭ್ಯಾಸ ಇಲ್ಲಿ ಉಳಿದುಕೊಂಡಿತೆಂಬುದೇ ನನಗೆ ನೋವಿನ ವಿಷಯ.

ಪಟ್ಟಿಯೊಡನೆ ಬದುಕುವುದಕ್ಕೆ ಮುಂಬಯಿ ಸುಲಭವಾದ ಊರೂ ಅಲ್ಲ. ಸಣ್ಣ ತುತ್ತು, ದೀರ್ಘಕಾಲ ಅಗಿಯುವುದು, ಊಟದೊಡನೆ ನೀರು ಕುಡಿಯದಿರುವುದು, ಇಪ್ಪತ್ತು ನಿಮಿಷವಾದರೂ ಕುಳಿತು ಉಣ್ಣುವುದು ಇವು ಪಟ್ಟಿಯ ಮೂಲನಿಯಮಗಳು. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್ ದೂರವನ್ನು ದಿನವೂ ಎರಡು ಸಲ ನಿಂತು ಕ್ರಮಿಸುವವರು ತಿಂಡಿಯನ್ನು ತಿನ್ನುವುದಲ್ಲ, ನುಂಗುವುದು. ನಗರದ ಅತಿ ಅಗ್ಗವಾದ ಆಹಾರವಾದ ಪಾವ್, ಮುದ್ದೆಗಟ್ಟುವ ಹಿಟ್ಟಿನ ಪದಾರ್ಥವಾದ್ದರಿಂದ, ಬಿಗಿದ ಪಟ್ಟಿಯ ಮೇಲೆ ಸಿಕ್ಕಿಕೊಂಡು ಎದೆಯನ್ನು ಹಿಂಡುತ್ತದೆ. ಮೆತ್ತಗಾದ ಅನ್ನವೂ ಹಾಗೆಯೇ. ಅದೇ ಐಸ್‌ಕ್ರೀಮು, ಮಿಲ್ಕ್‌ಶೇಕ್, ಕಬ್ಬಿನಹಾಲು ಯಾವ ಅಡೆತಡೆಯೂ ಇಲ್ಲದೆ ಕೆಳಗಿಳಿದು, ಪಟ್ಟಿ ಕಟ್ಟಿದ ಉದ್ದೇಶವನ್ನೇ ವ್ಯರ್ಥಗೊಳಿಸುತ್ತವೆ. ನಮ್ಮ ಕನ್ನಡಿಗರ ವಿಚಾರವನ್ನು ವಿಶೇಷವಾಗಿ ಹೇಳಬೇಕು: ದಕ್ಷಿಣ ಕನ್ನಡ ಉಡುಪಿಗಳಿಂದ ಬಂದು, ಮಾಟುಂಗದಿಂದ ಮೀರಾರೋಡಿನವರೆಗೆ ಹೋಟೆಲುಗಳನ್ನು ಕಟ್ಟಿ ಬೆಳೆಸಿದ ಕುಟುಂಬಗಳಲ್ಲಿ ಗಲ್ಲಾದ ಮುಂದೆ ಹದಿನಾಲ್ಕು ಗಂಟೆ ಕುಳಿತು, ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದು ರೂಢಿ; ಮಧುಮೇಹವೂ ಬೊಜ್ಜೂ ಆ ದುಡಿಮೆಯ ಬೆನ್ನಿಗೇ ಬಂದಿವೆ. ಅಂತಹವರಿಗೆ ಪಟ್ಟಿಯ ಮೊದಲ ತಿಂಗಳುಗಳು ಉಣ್ಣುವ ವೇಳೆಯನ್ನೂ ರೀತಿಯನ್ನೂ ಮೊದಲಿನಿಂದ ಕಲಿಯುವ ಅಭ್ಯಾಸಕಾಲ. ಈ ಕಾಲದಲ್ಲಿ ಇಳಿದ ಕಿಲೋಗಳಿಗಿಂತ ಕಲಿತ ಅಭ್ಯಾಸ ಹೆಚ್ಚಿನದೆಂದು ಮನೆಯವರಿಗೂ ತಿಳಿದಿದ್ದರೆ, ಮದುವೆಯ ಪಂಕ್ತಿಯಲ್ಲಿ ‘ಆಪರೇಷನ್ ಮಾಡಿಸಿಯೂ ಹೀಗೆಯೇ ಇದ್ದೀರಲ್ಲ’ ಎಂಬ ಮಾತು ಆ ಜೀವಗಳನ್ನು ಇಷ್ಟು ಗಾಸಿಗೊಳಿಸುತ್ತಿರಲಿಲ್ಲ.

ಪಟ್ಟಿಯ ಪರವಾಗಿ ವಾದಿಸುವುದು ನನ್ನ ಗುರಿಯಲ್ಲ. 2011ರಲ್ಲಿ ಅಮೆರಿಕದ ಬೊಜ್ಜಿನ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೆಯ ಒಂದರಷ್ಟಕ್ಕೂ ಮಿಕ್ಕಿದ್ದ ಅದರ ಪಾಲು ಒಂದು ದಶಕದಲ್ಲಿ ಶೇಕಡ 1ರ ಆಸುಪಾಸಿಗೆ ಕುಸಿಯಿತು. ಜಾರುವಿಕೆ, ಜಠರದ ಗೋಡೆಯನ್ನು ಕೊರೆಯುವಿಕೆ, ಅನ್ನನಾಳದ ಹಿಗ್ಗುವಿಕೆಗಳಿಂದ ಅನೇಕರು ಅದನ್ನು ತೆಗೆಸಿಕೊಳ್ಳಬೇಕಾಯಿತು. ಭಾರತದಲ್ಲಿಯೂ ಈಗ ಸ್ಲೀವ್ ಮತ್ತು ಬೈಪಾಸುಗಳದೇ ಪ್ರಾಬಲ್ಯ. ಅದಾಗ್ಯೂ ಮೊದಲ ವಾರಗಳ ಪ್ರಶ್ನೆ ಪಟ್ಟಿಯೊಂದಿಗೆ ಅಸ್ತಂಗತವಾಗಿಲ್ಲ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಈ ದೇಶದ ಮಾರುಕಟ್ಟೆಗೆ ಬಂದಿವೆ. ವೆಗೋವಿಯನ್ನು ವಾರಕ್ಕೆ 0.25 ಮಿಲಿಗ್ರಾಮಿನಿಂದ ಆರಂಭಿಸಿ ನಾಲ್ಕು ತಿಂಗಳುಗಳ ತರುವಾಯ 2.4ಕ್ಕೆ ಏರಿಸುತ್ತಾರೆ, ಮೌಂಜಾರೋದ ಮೊದಲ 2.5 ಮಿಲಿಗ್ರಾಮ್ ಕೇವಲ ದೇಹವನ್ನು ಒಗ್ಗಿಸಲೆಂದೇ ಹೊರತು ತೂಕ ಇಳಿಸಲೆಂದಲ್ಲ. ಬರಿದಾದ ಪಟ್ಟಿಗೂ ಈ ಆರಂಭದ ಪ್ರಮಾಣಕ್ಕೂ ಪ್ರಯೋಜನದಲ್ಲಿ ಭೇದವಿಲ್ಲ, ಮೊದಲ ತಿಂಗಳ ನಿರಾಶೆಯಲ್ಲಿಯೂ ಭೇದವಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1954ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಅಧಿನಿಯಮವು ಜಾಹೀರಾತಿನ ಮೂಲಕ ಗುಣಪಡಿಸುವ ಭರವಸೆ ಕೊಡಬಾರದ ವ್ಯಾಧಿಗಳ ಅನುಸೂಚಿಯಲ್ಲಿ ಸ್ಥೂಲಕಾಯವನ್ನು ಸೇರಿಸಿದೆ. ವೈದ್ಯರು ರೋಗಿಗಳನ್ನು ಆಕರ್ಷಿಸಲು ಪ್ರಚಾರ ಮಾಡತಕ್ಕದ್ದಲ್ಲವೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳುತ್ತವೆ. ಆದರೂ ಲೋಕಲ್ ರೈಲಿನ ಡಬ್ಬಿಗಳ ಗೋಡೆಗಳು ತೂಕ ಇಳಿಸುವ ಚೀಟಿಗಳಿಂದ ತುಂಬಿವೆ. ನಿಷೇಧವನ್ನು ಜಾರಿಗೊಳಿಸುವುದು ಆವಶ್ಯಕ. ಅದಕ್ಕಿಂತ ಆವಶ್ಯಕವಾದದ್ದು, ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ಮೊದಲು ಪ್ರತಿ ಆಸ್ಪತ್ರೆಯೂ ಮರಾಠಿ, ಹಿಂದಿ, ಗುಜರಾತಿ, ಕನ್ನಡಗಳಲ್ಲಿ, ರೋಗಿಯ ಸ್ವಂತ ಎತ್ತರ ತೂಕಗಳಿಗೆ ಅನ್ವಯಿಸಿ, ಶೇಕಡದಲ್ಲಿ ಅಲ್ಲ, ಕಿಲೋಗಳಲ್ಲಿ, ಆರನೆಯ ವಾರ, ಆರನೆಯ ತಿಂಗಳು, ಎರಡನೆಯ ವರ್ಷ, ಹತ್ತನೆಯ ವರ್ಷ ಏನನ್ನು ನಿರೀಕ್ಷಿಸಬಹುದೆಂದು ಬರೆದು ಕೊಡುವುದು. ಅದರ ಪಕ್ಕದಲ್ಲಿ ರಕ್ತದ ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆಗಳ ಅಂಕಣವೂ ಇರಲಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ತಮ್ಮ ದೇಹವನ್ನೂ ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅವರ ದೇಹವನ್ನೂ ಅಳೆದು, ಇಬ್ಬರ ಬಿಎಂಐ 22.3 ಎಂಬ ಒಂದೇ ಅಂಕವಾಗಿದ್ದರೂ ಯಡ್ಕಿನ್ ಅವರಲ್ಲಿ ಕೊಬ್ಬು ಶೇಕಡ 9.1, ತಮ್ಮಲ್ಲಿ 21.2 ಇದ್ದುದನ್ನು ಪ್ರಕಟಿಸಿದ್ದರು. ತಕ್ಕಡಿಯ ಸಾಕ್ಷ್ಯ ಭಾರತೀಯ ದೇಹದ ಮಟ್ಟಿಗೆ ಎಷ್ಟು ಅಪೂರ್ಣವೆಂಬುದಕ್ಕೆ ಅದಕ್ಕಿಂತ ನೇರವಾದ ನಿದರ್ಶನ ದೊರೆಯದು.

ಇನ್ನುಳಿದದ್ದು ಹಣದ ಮಾತು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಸೂತ್ರದಂತೆ, ಬಿಎಂಐ 40 ಅಥವಾ ಅದಕ್ಕೂ ಹೆಚ್ಚಿರುವವರಿಗೆ, ಇಲ್ಲವೇ ತೀವ್ರವಾದ ಸಹವ್ಯಾಧಿಗಳಿದ್ದು 35 ಅಥವಾ ಅದಕ್ಕೂ ಹೆಚ್ಚಿರುವವರಿಗೆ ಈ ಶಸ್ತ್ರಚಿಕಿತ್ಸೆಯ ವೆಚ್ಚ ದೊರೆಯಬಹುದು. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ವೆಚ್ಚವನ್ನು ಪಾಲಿಸಿಗಳು ಸಾಮಾನ್ಯವಾಗಿ 60 ಅಥವಾ 90 ದಿನಗಳಿಗೆ ಸೀಮಿತಗೊಳಿಸುತ್ತವೆ. ಪಟ್ಟಿಗೆ ಲವಣಜಲ ತುಂಬುವ ಕೆಲಸ ಆರಂಭವಾಗುವುದೇ ನಾಲ್ಕರಿಂದ ಆರು ವಾರಗಳ ನಂತರ. ಸರಿಯಾದ ಬಿಗಿ ದೊರೆಯಲು ಹಲವು ತಿಂಗಳು, ಹಲವು ಭೇಟಿಗಳು ಬೇಕು. ಚಿಕಿತ್ಸೆ ನಿಜವಾಗಿ ಮೊದಲಾದ ಕೆಲವೇ ವಾರಗಳಲ್ಲಿ ವಿಮೆಯ ಹಣ ನಿಲ್ಲುತ್ತದೆ. ಎರಡು ವರ್ಷಗಳ ಬಿಗಿಗೊಳಿಸುವಿಕೆಯನ್ನೂ ಆಹಾರತಜ್ಞರ ಭೇಟಿಗಳನ್ನೂ ಶಸ್ತ್ರಚಿಕಿತ್ಸೆಯ ಅವಿಭಾಜ್ಯ ಅಂಗವೆಂದು ಪರಿಗಣಿಸಿ ಅದೇ ಮೊತ್ತದೊಳಗೆ ಸೇರಿಸುವಂತೆ ಪ್ರಾಧಿಕಾರವು ಸೂತ್ರವನ್ನು ತಿದ್ದಬೇಕು. ಇಂದಿಗೂ ಪಟ್ಟಿಯನ್ನು ಹೊತ್ತು ಬದುಕುತ್ತಿರುವವರಿಗೆ, ಅದನ್ನು ತೆಗೆಸುವ ಪ್ರಸಂಗ ಬಂದರೆ ಆ ವೆಚ್ಚಕ್ಕೂ ಅದೇ ಸೂತ್ರ ಅನ್ವಯವಾಗಬೇಕು.