ಗೇಣಿಯ ಆಸೆ, ಪಾಲಿನ ಹೆಸರು

‘ನೀವು ಮಲಗಿರುವಾಗಲೂ ನಿಮ್ಮ ಹಣ ದುಡಿಯುತ್ತಿರಲಿ.’ ಪುತ್ತೂರು, ಸುಳ್ಯ ಮತ್ತು ಮೊನ್ನೆ ಮೊನ್ನೆ ತಾಲೂಕಾದ ಕಡಬದ ಮೊಬೈಲುಗಳಲ್ಲಿ ಈ ವಾಕ್ಯ ಈಗ ನಿತ್ಯದ ಅತಿಥಿ. ಅದರ ಬೆನ್ನಿಗೇ ಒಂದು ವಿಡಿಯೋ, ವಿಡಿಯೋದ ಬೆನ್ನಿಗೆ ಒಂದು ತರಗತಿ, ತರಗತಿಗೆ ಒಂದು ಶುಲ್ಕ. ಒಳ್ಳೆಯ ಡಿವಿಡೆಂಡ್ ಕೊಡುವ ಕಂಪೆನಿಗಳ ಶೇರು ಕೊಂಡಿಟ್ಟರೆ ಸಾಕು, ತಿಂಗಳು ತಿಂಗಳು ಖಾತೆಗೆ ಹಣ ಬೀಳುತ್ತದೆ, ತೋಟವೂ ಬೇಡ, ಮರ ಹತ್ತುವವನ ದಾರಿ ಕಾಯುವುದೂ ಬೇಡ ಎಂದು ಹೇಳಲಾಗುತ್ತದೆ.

ಇದನ್ನು ಕೇಳುವವರು ಯಾರು? ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡ ಕೃಷಿಕ. ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು, ಮಗಳ ಮದುವೆ, ಮನೆ ಎಲ್ಲ ಮುಗಿದ ಮೇಲೆ ಕೈಯಲ್ಲಿ ಎಂಟೋ ಹತ್ತೋ ಲಕ್ಷ ಉಳಿಸಿಕೊಂಡು ಊರಿಗೆ ಮರಳಿದ ಐವತ್ತರ ಗಂಡಸು. ಕಡಬ, ನೆಲ್ಯಾಡಿ ಕಡೆಯ ರಬ್ಬರ್ ಬೆಳೆಗಾರ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರು 2016ರ ಆರಂಭದಲ್ಲಿ 100ರ ಕೆಳಗೆ ಕುಸಿದದ್ದನ್ನು ಕಂಡವನಿಗೆ ‘ನಿಶ್ಚಿತ ಆದಾಯ’ ಎಂಬ ಪದ ಎಷ್ಟು ಸಿಹಿಯಾಗಿರುತ್ತದೆಂದು ಹೇಳಬೇಕಾಗಿಲ್ಲ. ಅವರ ಆಸೆಯನ್ನು ನಾವು ಗೇಲಿ ಮಾಡುವುದಿಲ್ಲ. ನಮ್ಮ ತಕರಾರಿರುವುದು ಆ ಆಸೆಯನ್ನು ಮಾರುವವರ ಜೊತೆ. ಆಮೇಲೆ ಸ್ವಲ್ಪ ನಮ್ಮ ಜೊತೆಗೂ.

ಮೊದಲು ಲೆಕ್ಕ. ತಿಂಗಳಿಗೆ 20 ಸಾವಿರ ಬೇಕೆಂದರೆ ವರ್ಷಕ್ಕೆ 2 ಲಕ್ಷ 40 ಸಾವಿರ. ನಮ್ಮ ದೇಶದ ದೊಡ್ಡ ಕಂಪೆನಿಗಳ ಸರಾಸರಿ ಡಿವಿಡೆಂಡ್ ಶೇರಿನ ಈಗಿನ ಬೆಲೆಯ ಶೇ. 1ರಿಂದ ಒಂದೂವರೆಯೊಳಗೆ. ಶೇ. 1.3 ಎಂದು ಹಿಡಿದರೂ 2 ಲಕ್ಷ 40 ಸಾವಿರಕ್ಕೆ ಬೇಕಾಗುವ ಬಂಡವಾಳ ಒಂದು ಕೋಟಿ 85 ಲಕ್ಷದಷ್ಟು. ಡಿವಿಡೆಂಡಿಗೆಂದೇ ಹೆಸರಾದ ಕೆಲವು ಸರಕಾರಿ ಕಂಪೆನಿಗಳನ್ನು ಮಾತ್ರ ಆರಿಸಿ ಶೇ. 5 ಸಿಕ್ಕಿತೆಂದುಕೊಂಡರೂ 48 ಲಕ್ಷ ಬೇಕು. ಹತ್ತು ಲಕ್ಷ ಹಿಡಿದುಕೊಂಡು ಬಂದವನಿಗೆ ಮೊದಲ ಲೆಕ್ಕದಲ್ಲಿ ತಿಂಗಳಿಗೆ ಸಿಗುವುದು ಸುಮಾರು 1,100 ರೂಪಾಯಿ. ತೋಟದಲ್ಲಿ ಒಬ್ಬ ಆಳಿಗೆ ಒಂದೆರಡು ದಿನ ಕೊಡುವ ಸಂಬಳ! ಈ ಗುಣಾಕಾರವನ್ನು ತರಗತಿಯ ಮೊದಲ ಐದು ನಿಮಿಷದಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಎಷ್ಟು ಮಂದಿ ಕುರ್ಚಿಯಲ್ಲಿ ಉಳಿದಾರು?

ಜನ ಯಾಕೆ ಮೋಸಹೋಗುತ್ತಾರೆ ಎಂಬುದಕ್ಕೆ ನಮ್ಮ ಊರಿನದ್ದೇ ಒಂದು ಕಾರಣವಿದೆ. ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಸಹಕಾರಿ ಸಂಘಗಳ ಮಹಾಸಭೆಯದ್ದೇ ಸುದ್ದಿ: ‘ಸದಸ್ಯರಿಗೆ ಶೇ. 10 ಡಿವಿಡೆಂಡ್ ಘೋಷಣೆ’. ಸೊಸೈಟಿಯಲ್ಲಿ ಸಾವಿರ ರೂಪಾಯಿಯ ಪಾಲು ಇದ್ದವನಿಗೆ ಶೇ. 10 ಎಂದರೆ ನೂರು ರೂಪಾಯಿ. ಹಾಕಿದ್ದು ಸಾವಿರ, ಸಿಕ್ಕಿದ್ದು ನೂರು. ಲೆಕ್ಕ ಸರಿಯಾಗಿದೆ, ಯಾಕೆಂದರೆ ಸಂಘದ ಪಾಲಿಗೆ ಮುಖಬೆಲೆ ಬಿಟ್ಟು ಬೇರೆ ಬೆಲೆ ಇಲ್ಲ. ಈ ಲೆಕ್ಕದಲ್ಲಿ ಪಳಗಿದ ಕಣ್ಣು ಮುಂದೆ ಕಂಪೆನಿಯೊಂದರ ‘ಶೇ. 500 ಡಿವಿಡೆಂಡ್’ ಎಂಬ ಸುದ್ದಿ ಓದುತ್ತದೆ. ಐದು ಪಟ್ಟು! ಆದರೆ ಆ ಶೇ. 500 ಕೂಡ ಮುಖಬೆಲೆಯ ಮೇಲೆಯೇ. ಮುಖಬೆಲೆ 1 ರೂಪಾಯಿ ಆಗಿದ್ದರೆ ಸಿಗುವುದು 5 ರೂಪಾಯಿ. ಅದೇ ಶೇರನ್ನು ಪೇಟೆಯಲ್ಲಿ ನೀವು ಕೊಂಡದ್ದು ಸಾವಿರ ರೂಪಾಯಿಗೆ ಎಂದಾದರೆ ನಿಮ್ಮ ಪಾಲಿಗೆ ಬಂದದ್ದು ನೂರಕ್ಕೆ ಎಂಟಾಣೆ. ಸುದ್ದಿ ಸುಳ್ಳಲ್ಲ, ಓದಿದವನೂ ದಡ್ಡನಲ್ಲ. ನಡುವೆ ನಿಂತು ಅದನ್ನು ವಿವರಿಸಬೇಕಾದವನು ಸುಮ್ಮನಿರುತ್ತಾನೆ, ಅಷ್ಟೇ.

ಡಿವಿಡೆಂಡ್ ಎಂಬುದು ಆಕಾಶದಿಂದ ಉದುರುವುದೂ ಅಲ್ಲ. ಹೊಸದಾಗಿ ಕೊಳ್ಳುವವನಿಗೆ ಆ ಡಿವಿಡೆಂಡಿನ ಹಕ್ಕು ಇಲ್ಲವಾಗುವ ದಿನ ಶೇರಿನ ಬೆಲೆ ಸಾಮಾನ್ಯವಾಗಿ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಕೊಯಿಲು ಮುಗಿದ ತೋಟಕ್ಕೆ ಕೊಯಿಲಿನ ಮುಂಚಿನ ಬೆಲೆ ಯಾರೂ ಹೇಳುವುದಿಲ್ಲ ತಾನೇ? ವೇದಾಂತ ಕಂಪೆನಿ 2022-23ರಲ್ಲಿ ಶೇರೊಂದಕ್ಕೆ 101 ರೂಪಾಯಿ 50 ಪೈಸೆ ಹಂಚಿತು. ಲಂಡನ್ನಿನ ಅದರ ಮಾತೃಸಂಸ್ಥೆಗೆ ಸಾಲ ತೀರಿಸಲು ಹಣ ಬೇಕಿದ್ದ ಕಾಲವದು. ಆ ವರ್ಷದ ಅಂಕಿಯನ್ನು ನೋಡಿ, ಪ್ರತಿ ವರ್ಷ ಹೀಗೆಯೇ ಎಂದು ಕೊಂಡವನಿಗೆ ಮರುವರ್ಷ ಸಿಕ್ಕಿದ್ದು 29 ರೂಪಾಯಿ 50 ಪೈಸೆ. ಏಪ್ರಿಲ್ 2020ರಲ್ಲಿ, ಕೊರೋನಾ ಕಾಲದಲ್ಲಿ, ಆ ವರ್ಷದ ಲಾಭದಿಂದ ಡಿವಿಡೆಂಡ್ ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಮನೆಯ ಖರ್ಚಿಗೆ ಹಣ ಅತ್ಯಂತ ಅಗತ್ಯವಿದ್ದ ವರ್ಷದಲ್ಲೇ ಬ್ಯಾಂಕ್ ಶೇರು ನೆಚ್ಚಿಕೊಂಡವರ ಕೈ ಖಾಲಿ. ತೆರಿಗೆಯೂ ಬದಲಾಗಿದೆ. ಮುಂಚೆ ಕಂಪೆನಿಯೇ ಡಿವಿಡೆಂಡ್ ಮೇಲಿನ ತೆರಿಗೆ ಕಟ್ಟುತ್ತಿತ್ತು. ಏಪ್ರಿಲ್ 2020ರಿಂದ ಅದು ಪಡೆದವನ ಆದಾಯಕ್ಕೆ ಸೇರುತ್ತದೆ.

ಹಾಗಾದರೆ ಡಿವಿಡೆಂಡ್ ಎಂದರೆ ಏನು? ಇದನ್ನು ಅರ್ಥಮಾಡಿಕೊಳ್ಳಲು ದಕ್ಷಿಣ ಕನ್ನಡದವರು ಎಲ್ಲಿಗೂ ಹೋಗಬೇಕಾಗಿಲ್ಲ, ಅಜ್ಜನ ಕಾಲಕ್ಕೆ ಹೋದರೆ ಸಾಕು. ಆಗ ಇಲ್ಲಿ ಗೇಣಿ ಇತ್ತು. ಮೂಲಗೇಣಿ, ಚಾಲಗೇಣಿ. ಮಳೆ ಹೆಚ್ಚಾಗಲಿ, ನೆರೆಗೆ ಪೈರು ಕೊಚ್ಚಿಹೋಗಲಿ, ಧಣಿಯ ಮುಡಿ ಅಕ್ಕಿ ಇಷ್ಟೆಂದರೆ ಇಷ್ಟೇ. ಒಕ್ಕಲಿನವನ ಮಕ್ಕಳು ಆಟಿ ತಿಂಗಳಲ್ಲಿ ಏನು ತಿಂದರೆಂದು ಧಣಿ ಕೇಳಬೇಕಾದ ಅಗತ್ಯವಿರಲಿಲ್ಲ. ಕೂತು ತಿನ್ನುವ ವರಮಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ವಿಡಿಯೋದಲ್ಲೂ ಸಿಗದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಆ ಗೇಣಿಯನ್ನು ಮುಗಿಸಿತು. ಈ ತಾಲೂಕುಗಳಲ್ಲಿ ‘ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ’ ಎಂದು ಇಂದಿಗೂ ಹೇಳುವ ಮನೆಗಳು ಕಡಿಮೆಯೇನಲ್ಲ. ಆ ಒಕ್ಕಲಿನವನ ಮೊಮ್ಮಗ ಇಂದು ಮೊಬೈಲಿನಲ್ಲಿ ಧಣಿಯಾಗಲು ಹೊರಟಿದ್ದಾನೆ ಎಂಬುದು ವಿಪರ್ಯಾಸವಲ್ಲದೆ ಮತ್ತೇನು?

ಡಿವಿಡೆಂಡ್ ಗೇಣಿಯಲ್ಲ, ಅದು ಪಾಲು. ಬೆಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಗೇಣಿಗೂ ಬಡ್ಡಿಗೂ ಹತ್ತಿರದ ನಂಟಿದೆ, ಎರಡಕ್ಕೂ ಇನ್ನೊಬ್ಬನ ನಷ್ಟ ಕಾಣಿಸುವುದಿಲ್ಲ. ಪಾಲು ಹಾಗಲ್ಲ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ, ವ್ಯಾಪಾರದ ಲಾಭ ಸಮ್ಮತ ಎಂಬುದನ್ನು ನಮ್ಮ ಮುಸ್ಲಿಮೇತರ ಓದುಗರೂ ಬಲ್ಲರು. ಒಬ್ಬ ಬಂಡವಾಳ ಹಾಕಿ, ಇನ್ನೊಬ್ಬ ದುಡಿದು, ಲಾಭವನ್ನು ಮೊದಲೇ ಒಪ್ಪಿದ ಅನುಪಾತದಲ್ಲಿ ಹಂಚಿಕೊಳ್ಳುವ ವ್ಯವಹಾರಕ್ಕೆ ಮುದಾರಬ ಎಂದು ಹೆಸರು. ಅಲ್ಲಿ ಹಣದ ನಷ್ಟವೆಲ್ಲ ಹಣ ಹಾಕಿದವನ ತಲೆಗೆ. ಅದೇ ಅದರ ಪ್ರಾಣ. ನಷ್ಟದ ಸಾಧ್ಯತೆಯನ್ನು ತೆಗೆದು, ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿದ ಕೂಡಲೇ ಅದು ಮುದಾರಬವಾಗಿ ಉಳಿಯುವುದಿಲ್ಲ. ಆದ್ದರಿಂದ ‘ಖಚಿತ ಹಲಾಲ್ ಆದಾಯ’ ಎಂದು ಯಾರಾದರೂ ಹೇಳಿದರೆ, ಖಚಿತವಾದರೆ ಅದು ಪಾಲಲ್ಲ, ಪಾಲಾದರೆ ಅದು ಖಚಿತವಲ್ಲ ಎಂದು ಅಲ್ಲೇ ಎದ್ದುನಿಂತು ಹೇಳುವ ಧೈರ್ಯ ನಮಗಿರಬೇಕಿತ್ತು.

ಇರಲಿಲ್ಲ. ಜೂನ್ 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ದೂರು ಕೊಟ್ಟವರು 40 ಸಾವಿರಕ್ಕೂ ಹೆಚ್ಚು. ಬಹುಪಾಲು ಮುಸ್ಲಿಮರು. ನಿವೃತ್ತಿಯ ಹಣ, ಮದುವೆಗೆಂದು ಕೂಡಿಟ್ಟ ಹಣ, ವಿಧವೆಯರು ಬಂಗಾರ ಮಾರಿ ಹಾಕಿದ ಹಣ. ಬ್ಯಾಂಕು ಬಡ್ಡಿಯ ಮೂರ್ನಾಲ್ಕು ಪಟ್ಟು ‘ಲಾಭ’ವನ್ನು ತಿಂಗಳು ತಿಂಗಳು ಎಣಿಸಿಕೊಂಡವರಲ್ಲಿ ಎಷ್ಟು ಮಂದಿ ಆ ಸಂಸ್ಥೆಯ ಲೆಕ್ಕಪತ್ರ ಕೇಳಿದ್ದರು? ಅವರನ್ನು ಕಾಗದದಲ್ಲಿ ಪಾಲುದಾರರೆಂದೇ ಬರೆಯಲಾಗಿತ್ತು. ಪಾಲುದಾರನಿಗೆ ವ್ಯಾಪಾರ ಯಾವುದೆಂದೇ ಗೊತ್ತಿರಲಿಲ್ಲ! ಮೋಸ ಮಾಡಿದವರ ಅಪರಾಧವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ಬಡ್ಡಿಯ ಭದ್ರತೆ ಬೇಕು, ಬಡ್ಡಿಯ ಹೆಸರು ಬೇಡ ಎಂಬ ನಮ್ಮ ಮನಸ್ಸಿನ ಈ ಸಣ್ಣ ಕಳ್ಳತನವನ್ನು ಯಾವ ನ್ಯಾಯಾಲಯವೂ ವಿಚಾರಿಸದು. ಅದನ್ನು ನಾವೇ ವಿಚಾರಿಸಿಕೊಳ್ಳಬೇಕು. ಡಿವಿಡೆಂಡನ್ನು ಪಿಂಚಣಿಯೆಂದು ಮಾರುವವರು ಈಗ ಕೈಹಾಕುತ್ತಿರುವುದು ಇದೇ ಮನಸ್ಸಿಗೆ, ಅಂಗಡಿ ಮಾತ್ರ ಬೇರೆ.

ಐಎಂಎಯ ನಂತರ ಇನ್ನೊಂದು ಬಗೆಯ ಮಾತೂ ಜೋರಾಗಿದೆ: ಶೇರು ಎಂದರೇನೇ ಜೂಜು, ಅದರ ಸಹವಾಸವೇ ಬೇಡ. ಇದನ್ನೂ ನಾವು ಒಪ್ಪುವುದಿಲ್ಲ. ಆಪ್ಷನ್ ವ್ಯವಹಾರದ ಬಗ್ಗೆ ಹೇಳುವುದಾದರೆ ಜೂಜು ಎಂಬ ಮಾತು ತೀರಾ ತಪ್ಪಾಗದು. 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ಹೇಳಿತು. ಆದರೆ ಒಂದು ಕಂಪೆನಿಯ ಪಾಲು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಅದಲ್ಲ. ಪಾಲುಗಾರಿಕೆ ಈ ಜಿಲ್ಲೆಗೆ ಹೊಸತೇ? 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. (ಹಾಜಿಯೊಬ್ಬರು ಬ್ಯಾಂಕ್ ಕಟ್ಟಿದ್ದರ ಬಗ್ಗೆ ನಮ್ಮಲ್ಲಿ ಎರಡು ಮಾತಿದೆ, ಇರಲಿ.) ಅಡಿಕೆ ದರ ಕುಸಿದು ಕಂಗಾಲಾಗಿದ್ದ ಬೆಳೆಗಾರರನ್ನು ಕೂಡಿಸಿ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರು ಕ್ಯಾಂಪ್ಕೋ ಕಟ್ಟಿದಾಗ ಅದು ನಿಂತದ್ದೂ ಬೆಳೆಗಾರರ ಸಣ್ಣ ಸಣ್ಣ ಪಾಲುಗಳ ಮೇಲೆಯೇ. ಕೊಕ್ಕೋ ಕೊಳ್ಳುವವರಿಲ್ಲದೆ ಹೋದಾಗ ಅದೇ ಸಂಸ್ಥೆ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ತೆರೆಯಿತು. ಅದರ ಸದಸ್ಯರು ತಾವು ಮಲಗಿರುವಾಗ ಹಣ ಬರಲಿ ಎಂದು ಪಾಲು ಕೊಂಡವರಲ್ಲ, ತಮ್ಮ ಬೆಳೆಗೆ ಬೆಲೆ ಸಿಗಲಿ ಎಂದು ಕೊಂಡವರು. ಡಿವಿಡೆಂಡ್ ಆಮೇಲಿನ ಮಾತು.

ಹಾಗೆಂದು ಹಳೆಯ ಪಾಲು ಅಲುಗಾಡದೆ ಇರುತ್ತದೆಂದೂ ಅಲ್ಲ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದಾಗ ಸಾವಿರ ಶೇರು ಇದ್ದವರಿಗೆ ಸಿಕ್ಕಿದ್ದು ಯೂನಿಯನ್ ಬ್ಯಾಂಕಿನ 330. ಸಿಂಡಿಕೇಟಿನ ಸಾವಿರಕ್ಕೆ ಕೆನರಾ ಬ್ಯಾಂಕಿನ 158. ನಮ್ಮೂರಿನ ಬ್ಯಾಂಕ್ ಎಂಬ ಅಭಿಮಾನಕ್ಕೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ.

ಬಡ್ಡಿಯ ಪ್ರಶ್ನೆ ಇರುವವರಿಗೂ ದಾರಿ ಮುಚ್ಚಿಲ್ಲ. ಬ್ಯಾಂಕು, ಮದ್ಯ ಮುಂತಾದವನ್ನು ಹೊರಗಿಟ್ಟು, ಕಂಪೆನಿಯ ಸಾಲ ಒಂದು ಮಿತಿಯೊಳಗೆ, ಸಾಮಾನ್ಯವಾಗಿ ಮೂರನೇ ಒಂದಂಶದೊಳಗೆ, ಇರಬೇಕು, ನಿಷಿದ್ಧ ಮೂಲದ ಆದಾಯ ಶೇ. 5 ಮೀರಬಾರದು, ಬಂದ ಡಿವಿಡೆಂಡಿನಲ್ಲಿ ಅಷ್ಟು ಅಂಶವನ್ನು ಬೇರ್ಪಡಿಸಿ ದಾನಕ್ಕೆ ಕೊಡಬೇಕು ಎಂಬಂಥ ಮಾನದಂಡಗಳನ್ನು ವಿದ್ವಾಂಸರು ರೂಪಿಸಿದ್ದಾರೆ. ವಿವರಗಳಲ್ಲಿ ಅವರೊಳಗೆ ಭಿನ್ನಾಭಿಪ್ರಾಯವಿದೆ. ರಾಷ್ಟ್ರೀಯ ಶೇರು ವಿನಿಮಯ ಕೇಂದ್ರದಲ್ಲಿ ಇಂಥ ಶರೀಅತ್ ಸೂಚ್ಯಂಕವೂ ಇದೆ. ಈ ಜರಡಿ ಹಿಡಿದರೆ ಡಿವಿಡೆಂಡಿಗೆ ಹೆಸರಾದ ಹಲವು ಶೇರುಗಳು, ಬ್ಯಾಂಕುಗಳೂ ಸಿಗರೇಟಿನವೂ, ಉದುರಿಹೋಗುತ್ತವೆ. ಆಗ ಬರುವ ಪಾಲು ಇನ್ನಷ್ಟು ಸಣ್ಣದಾಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಅಂದ ಹಾಗೆ, ಸಿಗರೇಟಿನ ಶೇರು ಬೇಡವೆನ್ನುವ ನಾವು ನಮ್ಮ ಅಡಿಕೆ ಕೊನೆಗೆ ಯಾವ ಪೊಟ್ಟಣ ಸೇರುತ್ತದೆ ಎಂದೂ ಒಮ್ಮೆ ಕೇಳಿಕೊಳ್ಳಬೇಕಾದೀತು. ಅದು ಬೇರೆಯೇ ಲೇಖನದ ವಿಷಯ.

ಹೊಸ ಅಡಿಕೆ ಗಿಡ ನೆಟ್ಟವನು ಫಸಲಿಗೆ ಐದಾರು ವರ್ಷ ಕಾಯುತ್ತಾನೆ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಮತ್ತೊಮ್ಮೆ ಬೋರ್ಡೋ ಹೊಡೆದರೂ ಕೊಳೆರೋಗ ಬಂದು ಹೋಗುತ್ತದೆ ಎಂದು ಅವನಿಗೆ ಗೊತ್ತು. ಬರುವ ವರ್ಷ ಇಂತಿಷ್ಟು ಕ್ವಿಂಟಾಲ್ ಎಂದು ಬರೆದುಕೊಡು ಎಂದರೆ ನಕ್ಕುಬಿಡುತ್ತಾನೆ. ಅದೇ ಮನುಷ್ಯ ತಾನು ಕಂಡೇ ಇರದ ಕಾರ್ಖಾನೆಯ ಫಸಲಿಗೆ ಮಾತ್ರ ತಿಂಗಳ ಲೆಕ್ಕದ ಖಾತರಿ ಕೇಳುತ್ತಾನೆ. ರೋಗ ಹಿಡಿದ ತೋಟ ಇರುವವನು ಬೇರೊಂದು ಕಡೆ ಕಾಲೂರುವುದು ತಪ್ಪಲ್ಲ. ಮನೆಯ ಖರ್ಚು, ಒಂದು ವರ್ಷದ ಆಪತ್ತಿನ ಹಣ ಬದಿಗಿಟ್ಟು, ಮಿಕ್ಕಿದ್ದರಲ್ಲಿ ಸ್ವಲ್ಪ ಸ್ವಲ್ಪವಾಗಿ ಪಾಲು ಕೊಳ್ಳಲಿ, ಬಂದ ಡಿವಿಡೆಂಡನ್ನು ಕೆಲವು ವರ್ಷ ತಿನ್ನದೆ ಮತ್ತೆ ಅದರಲ್ಲೇ ಹಾಕಲಿ. ಜಾಗ ಮಾರಿ, ಹೆಂಡತಿಯ ಬಂಗಾರ ಅಡವಿಟ್ಟು ಅಲ್ಲ. ಸಲಹೆ ಕೊಡುವವನ ಬಳಿ ಮೊದಲು ಸೆಬಿಯ ನೋಂದಣಿ ಸಂಖ್ಯೆ ಕೇಳಲಿ. ಉತ್ತರದ ಬದಲು ಸಿಟ್ಟು ಬಂದರೆ ಅಲ್ಲಿಂದ ಎದ್ದು ಬರಲಿ.

ಇನ್ನೊಂದು ವಿಚಾರವಿದೆ. ಡಿವಿಡೆಂಡ್ ಬೇಕೆಂದು ಹಂಬಲಿಸುವ ನಮ್ಮ ಮನೆಗಳಲ್ಲೇ, ನಮಗೆ ಸಲ್ಲಬೇಕಾದ ಡಿವಿಡೆಂಡ್ ಬಿದ್ದಿರುವ ಸಾಧ್ಯತೆ ಇದೆ. ಗಲ್ಫಿಗೆ ಹೋಗುವ ಮುಂಚೆಯೋ ಹೋದ ಮೇಲೋ ತಂದೆ ಕೊಂಡಿಟ್ಟ ಶೇರು ಪತ್ರ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಾಸ್‌ಪೋರ್ಟಿನ ಕೆಳಗೆ ಇರುತ್ತದೆ. ತಂದೆ ತೀರಿಹೋಗಿರುತ್ತಾರೆ. ತಾಯಿಗೆ ಅದು ಏನೆಂದು ಯಾರೂ ಹೇಳಿರುವುದಿಲ್ಲ. ಗಂಡಸರ ವ್ಯವಹಾರವೆಂದು ಹೇಳದೆ ಬಿಟ್ಟದ್ದರ ಬೆಲೆಯನ್ನು ಅವರು ತೆರುತ್ತಿರುತ್ತಾರೆ. ಸತತ ಏಳು ವರ್ಷ ಡಿವಿಡೆಂಡನ್ನು ಯಾರೂ ಪಡೆಯದಿದ್ದರೆ ಆ ಹಣ ಮಾತ್ರವಲ್ಲ, ಶೇರೂ ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗವಾಗುತ್ತದೆ. ಅದು ಮುಟ್ಟುಗೋಲಲ್ಲ, ವಾರಸುದಾರರು ದಾಖಲೆ ಕೊಟ್ಟು ಮರಳಿ ಪಡೆಯಬಹುದು. ಐಇಪಿಎಫ್-5 ಎಂಬ ಅರ್ಜಿ ನಮೂನೆ ಅದಕ್ಕೆಂದೇ ಇದೆ, ಅದನ್ನು ಸಲ್ಲಿಸಲು ಶುಲ್ಕವಿಲ್ಲ. ಬಿಡಿಸಿಕೊಡುತ್ತೇವೆ, ಬಂದದ್ದರಲ್ಲಿ ನಮಗೂ ಒಂದು ಪಾಲು ಕೊಡಿ ಎಂದು ಹೇಳುವವರು ಮನೆ ಬಾಗಿಲಿಗೆ ಬರುವ ಮುಂಚೆ, ಪೆಟ್ಟಿಗೆ ತೆರೆಯುವಾಗ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.