ಮರಡೋನಾಗೆ ಕಣ್ಣೀರು, ಮನೆಯವನಿಗೆ ನಿಂದೆ

ಪಿರಿಯಾಪಟ್ಟಣ ತಾಲ್ಲೂಕಿನ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಗಂಡ ಕುಡಿತದಿಂದ ತೀರಿಕೊಂಡು ಎರಡು ವರ್ಷವಾಗಿದೆ. ಮಗ ಪಿ.ಯು.ಸಿ. ಓದುತ್ತಿದ್ದಾನೆ. ಬೈಲುಕುಪ್ಪೆಯ ಕಡೆ ಟಿಬೆಟನ್ ಹುಡುಗರೊಡನೆ ಫುಟ್‌ಬಾಲ್ ಆಡಿ ಆಡಿ ಅವನಿಗೆ ಆ ಆಟದ ಹುಚ್ಚು ಹಿಡಿದಿದೆ. ಗೋಡೆಯ ಮೇಲೆ ಮರಡೋನಾನ ಚಿತ್ರ ಅಂಟಿಸಿಕೊಂಡಿದ್ದಾನೆ. ಒಂದು ದಿನ ತಾಯಿ, ‘ಅವನೂ ಕುಡುಕನಂತಲ್ಲೋ, ಅವನ ಫೋಟೋ ಯಾಕೆ?’ ಎಂದರಂತೆ. ಮಗನ ಉತ್ತರ ಹೀಗಿತ್ತು: ‘ಅವನು ಸತ್ತಾಗ ದೇಶವೇ ಅತ್ತಿತು ಅವ್ವ. ಅಪ್ಪ ಸತ್ತಾಗ ಊರೆಲ್ಲ ಆಡಿಕೊಂಡರು. ಇಬ್ಬರೂ ಕುಡಿದೇ ತಾನೆ ಸತ್ತದ್ದು?’

‘ಈ ಮಾತಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ಚಿತ್ರ ಕಿತ್ತು ಹಾಕಲೇ?’ ಎಂದು ಕೇಳಿದ್ದಾರೆ ತಾಯಿ. ಹುಡುಗನ ಪ್ರಶ್ನೆ ಹುಡುಗಾಟದ್ದಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ಆ ತಾಯಿಯೊಬ್ಬರೇ ಅಲ್ಲ, ನಾವೆಲ್ಲರೂ.

ಮರಡೋನಾನ ಕತೆ ಸಂಕ್ಷಿಪ್ತವಾಗಿ ಹೀಗಿದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ಅಂಚಿನ ಬಡ ಬಡಾವಣೆಯೊಂದರಲ್ಲಿ ಬೆಳೆದ ಹುಡುಗ ಆತ. 1986ರಲ್ಲಿ ತನ್ನ ದೇಶಕ್ಕೆ ವಿಶ್ವಕಪ್ ಗೆದ್ದುಕೊಟ್ಟ. ಇಟಲಿಯ ನೇಪಲ್ಸ್ ನಗರದ ತಂಡಕ್ಕೆ 1987 ಮತ್ತು 1990ರಲ್ಲಿ ಲೀಗ್ ಪ್ರಶಸ್ತಿ ತಂದ. ಅಷ್ಟರಲ್ಲಾಗಲೇ ಕೊಕೇನ್ ಎಂಬ ಮಾದಕ ವಸ್ತು ಆತನನ್ನು ಹಿಡಿದಿತ್ತು. 1991ರಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 15 ತಿಂಗಳ ನಿಷೇಧಕ್ಕೆ ಒಳಗಾದ. 1994ರ ವಿಶ್ವಕಪ್‌ನಲ್ಲಿ ಎಫೆಡ್ರಿನ್ ಎಂಬ ನಿಷೇಧಿತ ಉದ್ದೀಪಕ ಮೂತ್ರದಲ್ಲಿ ಪತ್ತೆಯಾಗಿ ಪಂದ್ಯಾವಳಿಯ ನಡುವೆಯೇ ಹೊರಬಿದ್ದ. ಆಮೇಲೆ ಬೊಜ್ಜು, ಹೃದಯದ ತೊಂದರೆ, ಆಸ್ಪತ್ರೆಯ ವಾಸ. 2005ರಲ್ಲಿ ಬೊಜ್ಜಿಗಾಗಿ ಜಠರದ ಶಸ್ತ್ರಚಿಕಿತ್ಸೆ, 2007ರಲ್ಲಿ ಮದ್ಯದಿಂದಾದ ತೊಂದರೆಗೆ ಚಿಕಿತ್ಸೆ. 2020ರ ನವೆಂಬರ್ 25ರಂದು, 60 ವರ್ಷ ತುಂಬಿ ಇನ್ನೂ ತಿಂಗಳಾಗುವ ಮೊದಲೇ, ತೀರಿಕೊಂಡ.

ಅಭಿಮಾನಿಗಳ ದುಃಖಕ್ಕೆ ಮೇರೆಯಿರಲಿಲ್ಲ. ಅರ್ಜೆಂಟೀನಾ ಮೂರು ದಿನಗಳ ಶೋಕ ಆಚರಿಸಿತು. ಕೊರೊನಾ ಕಾಲವೆಂಬುದನ್ನೂ ಮರೆತು ಜನ ಅಧ್ಯಕ್ಷರ ಅರಮನೆಯಲ್ಲಿಟ್ಟಿದ್ದ ಪಾರ್ಥಿವ ಶರೀರದ ದರ್ಶನಕ್ಕೆ ಮುಗಿಬಿದ್ದರು, ಪೊಲೀಸರೊಡನೆ ಘರ್ಷಣೆಯೂ ಆಯಿತು. ನೇಪಲ್ಸ್ ತನ್ನ ಕ್ರೀಡಾಂಗಣಕ್ಕೆ ಆತನ ಹೆಸರಿಟ್ಟಿತು. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ಸಿಗುವ ಕೇರಳದಲ್ಲಿ ಸರ್ಕಾರವೇ ಕ್ರೀಡಾರಂಗಕ್ಕೆ ಎರಡು ದಿನಗಳ ಶೋಕ ಘೋಷಿಸಿತು. 2012ರಲ್ಲಿ ಕಣ್ಣೂರಿಗೆ ಬಂದಿದ್ದ ಆತನನ್ನು ಕಣ್ಣಾರೆ ಕಂಡವರು ಅಲ್ಲಿ ಎಷ್ಟೋ ಜನ.

ಆದರೆ ಎಲ್ಲರೂ ಅಳಲಿಲ್ಲ. ಸ್ಪೇನಿನ ಆಟಗಾರ್ತಿಯೊಬ್ಬಳು, ಆತ ಹೆಣ್ಣುಮಕ್ಕಳೊಡನೆ ನಡೆದುಕೊಂಡ ರೀತಿಯನ್ನು ಪ್ರತಿಭಟಿಸಿ, ಮೌನಾಚರಣೆಯ ವೇಳೆ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತಳು. 1986ರ ಪಂದ್ಯದಲ್ಲಿ ಕೈಯಿಂದ ಹೊಡೆದ ಗೋಲಿಗೆ ಆತ ಕೊನೆಯವರೆಗೂ ಕ್ಷಮೆ ಕೇಳಲಿಲ್ಲವೆಂದು ಇಂಗ್ಲೆಂಡಿನ ಗೋಲ್‌ಕೀಪರ್ ಪೀಟರ್ ಶಿಲ್ಟನ್ ನೊಂದುಕೊಂಡರು. ಹೀಗೆ ಒಬ್ಬನೇ ಮನುಷ್ಯ ಕೆಲವರಿಗೆ ದೇವರು, ಕೆಲವರಿಗೆ ಭ್ರಷ್ಟ. ನಡುವೆ ಆತ ಒಬ್ಬ ರೋಗಿಯಾಗಿದ್ದ ಎಂಬ ಮಾತು ಮಾತ್ರ ಮರೆತುಹೋಯಿತು.

ವೈದ್ಯರ ದೃಷ್ಟಿಯಲ್ಲಿ ಮುಖ್ಯವಾದದ್ದು ಶವಪರೀಕ್ಷೆಯ ವರದಿ. ಆತನ ರಕ್ತದಲ್ಲಾಗಲಿ ಮೂತ್ರದಲ್ಲಾಗಲಿ ಮದ್ಯದ ಅಂಶ ಇರಲಿಲ್ಲ, ಕೊಕೇನೂ ಇರಲಿಲ್ಲ. ಇದ್ದದ್ದು ವೈದ್ಯರು ಬರೆದುಕೊಟ್ಟ ಔಷಧಿಗಳ ಅಂಶ. ಆದರೆ ಹೃದಯ ಹಿಗ್ಗಿ ದುರ್ಬಲವಾಗಿತ್ತು. ಅದು ರಕ್ತವನ್ನು ಸರಿಯಾಗಿ ಪಂಪ್ ಮಾಡಲಾರದೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಬಂದಿತ್ತು.

‘ಕುಡಿದಿರಲಿಲ್ಲವಲ್ಲ, ಮತ್ತೆ ಸತ್ತದ್ದೇಕೆ?’ ಎಂದು ನೀವು ಕೇಳಬಹುದು. ಕೊಕೇನ್ ಹೃದಯದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ವರ್ಷಗಟ್ಟಲೆ ಅತಿಯಾಗಿ ಕುಡಿದರೆ ಹೃದಯದ ಸ್ನಾಯುವೇ ಸಡಿಲವಾಗುತ್ತದೆ. ಬೊಜ್ಜು, ಧೂಮಪಾನ ಇವು ಸೇರಿದರೆ ಕೇಳುವುದೇ ಬೇಡ. ಚಟ ಮಾಡಿದ ಹಾನಿ ಅಂದಂದಿಗೇ ಕಾಣುವುದಿಲ್ಲ. ಹಾಗೆಂದು ಬಿಟ್ಟು ಪ್ರಯೋಜನವಿಲ್ಲ ಎಂದು ಭಾವಿಸಬಾರದು. ಕಾಲ ಮೀರುವ ಮೊದಲು ಮದ್ಯ ಬಿಟ್ಟವರಲ್ಲಿ ದುರ್ಬಲ ಹೃದಯ ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ಬಿಟ್ಟ ಮೇಲೂ ತಪಾಸಣೆ ಬೇಕು. ಆತನ ಕೊನೆಯ ದಿನಗಳಲ್ಲಿ ಆರೈಕೆ ಸರಿಯಾಗಿತ್ತೇ ಎಂಬ ಬಗ್ಗೆ ಚಿಕಿತ್ಸೆ ನೀಡಿದವರ ಮೇಲೆ 2025ರಲ್ಲಿ ವಿಚಾರಣೆಯೂ ಆರಂಭವಾಯಿತು, ನ್ಯಾಯಾಧೀಶರೊಬ್ಬರ ನಡೆಯಿಂದಾಗಿ ಅದು ರದ್ದಾಯಿತು.

ಈಗ ನಮ್ಮ ಊರಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಎಲೆ ಬೇಯಿಸುವ ದುಡಿಮೆ ಸಾಮಾನ್ಯದ್ದಲ್ಲ. ಮೈಕೈ ನೋವಿಗೆಂದು ಸಂಜೆ ಒಂದು ಪ್ಯಾಕೆಟ್ ಶುರುವಾಗುತ್ತದೆ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಾಗಿ ದುಡ್ಡು ಬಂದ ದಿನ ಸ್ನೇಹಿತರು ಕೂಡುತ್ತಾರೆ. ರೇಟು ಬಿದ್ದ ವರ್ಷ ಚಿಂತೆಗೆಂದು ಕುಡಿತ. ಹೀಗೆ ಅಭ್ಯಾಸ ಚಟವಾಗುತ್ತದೆ, ಚಟ ರೋಗವಾಗುತ್ತದೆ. ಮದ್ಯವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಆದರೆ ನಾವು ಅದನ್ನು ರೋಗವೆಂದು ಕಾಣುವುದಿಲ್ಲ. ಬದುಕಿದ್ದಾಗ ‘ಕುಡುಕ’, ಸತ್ತ ಮೇಲೆ ‘ಕುಡಿದು ಸತ್ತ’. ಈ ನಿಂದೆಗೆ ಅಂಜಿ ಮನೆಯವರು ಬಾಯಿ ಬಿಡುವುದಿಲ್ಲ. ಆಸ್ಪತ್ರೆಗೆ ಬಂದರೂ ‘ಗ್ಯಾಸ್ಟ್ರಿಕ್ ಸಾರ್’ ಎನ್ನುತ್ತಾರೆ. ಹೆಂಡತಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾಳೆ. ನಿಜ ತಿಳಿಯುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿರುತ್ತದೆ. ನಮ್ಮ ಆಡಿಕೊಳ್ಳುವ ಬಾಯಿಯೂ ಆ ಸಾವಿನಲ್ಲಿ ಪಾಲುದಾರ ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನೊಂದು ತುದಿ ದೇವರು ಮಾಡುವುದು. 1998ರಲ್ಲಿ ಅರ್ಜೆಂಟೀನಾದ ಅಭಿಮಾನಿಗಳು ಮರಡೋನಾನ ಹೆಸರಿನಲ್ಲಿ ಒಂದು ಚರ್ಚನ್ನೇ ಕಟ್ಟಿಕೊಂಡರು. ದೇವರಾದವನಿಗೆ ‘ಬೇಡ, ನಿಲ್ಲಿಸು’ ಎನ್ನುವವರು ಯಾರು? ಸುತ್ತ ಹೌದಪ್ಪಗಳೇ ತುಂಬಿದರೆ ರೋಗಿಗೆ ತಾನು ರೋಗಿಯೆಂಬುದೇ ತಿಳಿಯುವುದಿಲ್ಲ. ನಮ್ಮಲ್ಲೂ ‘ದುಡಿದು ತರುವ ಗಂಡಸು, ಸ್ವಲ್ಪ ಕುಡಿದರೇನು’ ಎಂಬ ಮಾತು ಇದೇ ಜಾತಿಯದ್ದು. ನಿಂದೆ ಮತ್ತು ಪೂಜೆ ಎರಡೂ ಮನುಷ್ಯನನ್ನು ವೈದ್ಯರಿಂದ ದೂರ ಇಡುತ್ತವೆ.

ರೋಗವೆಂದ ಮಾತ್ರಕ್ಕೆ ಎಲ್ಲವೂ ಮಾಫಿಯೇ? ಖಂಡಿತ ಅಲ್ಲ. ಹೆಂಡತಿಯ ಮೇಲೆ ಕೈ ಮಾಡಿದ್ದು, ಮಕ್ಕಳ ಫೀಸಿನ ಹಣ ಕುಡಿದದ್ದು ತಪ್ಪೇ. ನೇಪಲ್ಸ್‌ನಲ್ಲಿ ಹುಟ್ಟಿದ ಮಗನನ್ನು ಮರಡೋನಾ ದಶಕಗಳ ಕಾಲ ತನ್ನವನೆಂದು ಒಪ್ಪಿಕೊಳ್ಳದಿದ್ದದ್ದೂ ತಪ್ಪೇ. ಹೊಡೆತ ತಿಂದವರು ಅಳಲೇಬೇಕು ಎಂಬ ಕಟ್ಟಳೆ ಇಲ್ಲ. ಗಂಡ ಸತ್ತಾಗ ದುಃಖದ ಜೊತೆಗೆ ನಿರಾಳವೆನಿಸಿದ್ದರೆ ಆ ತಾಯಿ ಅದಕ್ಕಾಗಿ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಸಿಟ್ಟು, ಪ್ರೀತಿ, ದುಃಖ ಒಟ್ಟಿಗೇ ಇರುವುದು ಮನಸ್ಸಿನ ಸಹಜ ಸ್ಥಿತಿ.

ಅಭಿಮಾನ ಒಳ್ಳೆಯ ದಾರಿಗೂ ಹರಿಯಬಲ್ಲದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ಆಘಾತದಿಂದ ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡದ್ದೂ ವರದಿಯಾಯಿತು. ಆದರೆ ಅದೇ ದಿನಗಳಲ್ಲಿ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯಲ್ಲಿ ಜನ ಸಾಲುಗಟ್ಟಿದರು. ಅವರ ಕಣ್ಣುಗಳನ್ನು ದಾನ ಮಾಡಿದ್ದನ್ನು ಕಂಡು ನೇತ್ರದಾನಕ್ಕೆ ಹೆಸರು ಬರೆಸಿದವರು ಅನೇಕ. ಒಂದು ಸಾವಿನಿಂದ ಕಲಿಯುವುದು ಎಂದರೆ ಇದು.

ಪತ್ರ ಬರೆದ ತಾಯಿಗೂ, ಅಂಥ ಇತರ ಮನೆಗಳಿಗೂ ಕೆಲವು ಮಾತುಗಳು.

ಮಗನಿಗೆ ನಿಜ ಹೇಳಿ. ‘ನಿನ್ನ ಅಪ್ಪನಿಗೆ ಒಂದು ರೋಗವಿತ್ತು, ಅದಕ್ಕೆ ಚಿಕಿತ್ಸೆ ಇತ್ತು, ನಮಗೆ ತಿಳಿಯಲಿಲ್ಲ’ ಎನ್ನಿ. ಅಪ್ಪನ ಒಳ್ಳೆಯ ಗುಣಗಳನ್ನೂ ಹೇಳಿ. ವ್ಯಸನಿಗಳ ಮಕ್ಕಳಲ್ಲಿ ಆ ಚಟ ಹತ್ತುವ ಅಪಾಯ ಹೆಚ್ಚು. ಇದು ಹಣೆಬರಹವಲ್ಲ. ಆದರೆ ಮೊದಲ ಗುಟುಕಿನಿಂದಲೇ ದೂರವಿರಲು ಅವನಿಗೆ ಇತರರಿಗಿಂತ ಹೆಚ್ಚು ಕಾರಣವಿದೆ ಎಂದು ತಿಳಿಸಿ.

ಮನೆಯಲ್ಲಿ ಕುಡಿಯುವವರಿದ್ದರೆ ಅವರಿಗೆ ಗೊತ್ತಾಗದಂತೆ ಕಾಫಿಯಲ್ಲೋ ಸಾರಿನಲ್ಲೋ ‘ಬಿಡಿಸುವ ಪುಡಿ’ ಬೆರೆಸಬೇಡಿ. ಅದರಲ್ಲಿರುವ ಔಷಧಿ ಮದ್ಯದೊಡನೆ ಸೇರಿ ಪ್ರಾಣಕ್ಕೇ ಅಪಾಯ ತರಬಹುದು. ದಿನವೂ ಹೆಚ್ಚು ಕುಡಿಯುವವರು ದೇವರ ಮೇಲೆ ಆಣೆ ಮಾಡಿ ಒಮ್ಮೆಗೇ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬರುವುದುಂಟು. ಆದ್ದರಿಂದ ವೈದ್ಯರ ನೆರವಿನಿಂದಲೇ ಬಿಡಬೇಕು. ಕಾಲು ಬಾವು, ಮಲಗಿದರೆ ಉಬ್ಬಸ, ನಾಲ್ಕು ಹೆಜ್ಜೆಗೇ ಏದುಸಿರು, ಕಣ್ಣು ಹಳದಿಯಾಗುವುದು, ರಕ್ತವಾಂತಿ ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ವ್ಯಸನಮುಕ್ತಿಗೆ 14446, ಮನಸ್ಸಿನ ತೊಂದರೆಗಳಿಗೆ 14416 ಉಚಿತ ಸಹಾಯವಾಣಿಗಳು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಇನ್ನು ಆ ಚಿತ್ರದ ವಿಷಯ. 2001ರ ವಿದಾಯದ ಪಂದ್ಯದ ದಿನ ಮರಡೋನಾ ತುಂಬಿದ ಕ್ರೀಡಾಂಗಣದಲ್ಲಿ, ತಾನು ತಪ್ಪು ಮಾಡಿ ಅದರ ಬೆಲೆ ತೆತ್ತಿರುವುದಾಗಿಯೂ, ಚೆಂಡಿಗೆ ಮಾತ್ರ ಕಲೆ ಹತ್ತುವುದಿಲ್ಲವೆಂದೂ ಹೇಳಿದ್ದ. ಈ ಮಾತನ್ನು ಮಗನಿಗೆ ತಿಳಿಸಿ. ಆಟವನ್ನು ಮೆಚ್ಚಲಿ, ಆಡಲಿ. ಆಟಗಾರನ ತಪ್ಪನ್ನೂ ರೋಗವನ್ನೂ ಅರಿಯಲಿ. ಚಿತ್ರ ಕೀಳಬೇಡಿ, ತಾಯಿ. ಅದರ ಪಕ್ಕದಲ್ಲಿ ಅವನ ಅಪ್ಪನ ಫೋಟೋ ಕೂಡ ಇರಲಿ. ಆ ಫೋಟೋ ನೋಡಿ ತಲೆ ತಗ್ಗಿಸುವ ಅಗತ್ಯ ಅವನಿಗಿಲ್ಲ.